ಬ್ಯಾನರಿನ ಮೇಲಿನ ಅಂಕಿ

ಜನವರಿ 20

ಅಕ್ಕಾ,

ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಮೂರನೇ ಮಹಡಿ, ಕಿಟಕಿಗೆ ಚಿಲಕವಿಲ್ಲ, ಪಕ್ಕದ ಮಂಚದವಳಿಗೆ ಗೊರಕೆ. ಬಿಡು, ಬರೆಯಬೇಕಾದ್ದು ಬೇರೆ ಇದೆ.

ನಮ್ಮ ಜಲವಿಜ್ಞಾನ ಪ್ರಯೋಗಾಲಯದ ಬಾಗಿಲಿಗೆ ‘ವಿದ್ಯಾರ್ಥಿಗಳಿಂದ ನಿರೀಕ್ಷೆ’ ಎಂದು ಒಂದು ಹಾಳೆ ಅಂಟಿಸಿದ್ದಾರೆ. ಪಾಠ ಓದಿಕೊಂಡೇ ಬರಬೇಕು. ಬೆರಳು ಮುಚ್ಚುವ ಬೂಟು ಹಾಕಿರಬೇಕು. ಅಳತೆಯನ್ನು ಪೆನ್ನಿನಲ್ಲೇ ಬರೆಯಬೇಕು, ರಬ್ಬರು ಒಳಗೆ ತರಕೂಡದು. ನಾಲ್ವರ ಗುಂಪಿನಲ್ಲಿ ಪ್ರತಿಯೊಬ್ಬರೂ ಉಪಕರಣ ಮುಟ್ಟಬೇಕು, ಒಬ್ಬರು ದುಡಿದು ಮೂವರು ಗೋಡೆಗೆ ಒರಗುವ ಹಾಗಿಲ್ಲ. ಓದಿ ಎಷ್ಟು ಖುಷಿಯಾಯಿತು ಗೊತ್ತೇ? ನಿನ್ನ ಯೂನಿಯನ್ನಿನವರೇ ಬಂದು ಬರೆದು ಹೋದ ಹಾಗಿದೆ.

ಆ ಹಾಳೆಯಲ್ಲಿ ಇಲ್ಲದ ಒಂದು ನಿರೀಕ್ಷೆಯೂ ಇದೆ. ಅದು ಗೊತ್ತಾಗಲು ಒಂದು ವಾರ ಬೇಕಾಯಿತು.

ಮೊದಲ ಪ್ರಯೋಗ ಕೋಡಿಯದು. ಉದ್ದನೆಯ ತೊಟ್ಟಿ, ಅದರ ತುದಿಗೆ ಅಡ್ಡಲಾಗಿ ಒಂದು ತಗಡು. ತಗಡಿನ ಮೇಲಂಚು ದಾಟಿ ನೀರು ಧುಮುಕುತ್ತದೆ. ಅಂಚಿನಿಂದ ಎಷ್ಟು ಎತ್ತರಕ್ಕೆ ನೀರು ನಿಂತಿದೆ ಎಂದು ಕೊಕ್ಕೆ ಗೇಜಿನಲ್ಲಿ ಅಳೆಯಬೇಕು. ಆ ಎತ್ತರಕ್ಕೆ ಇಷ್ಟು ನೀರು ಹರಿಯಬೇಕು ಎಂದು ಸೂತ್ರ ಹೇಳುತ್ತದೆ. ನಿಜವಾಗಿ ಹರಿಯುವುದು ಅದಕ್ಕಿಂತ ಕಡಿಮೆ. ಹರಿದದ್ದನ್ನು ಹರಿಯಬೇಕಾದ್ದರಿಂದ ಭಾಗಿಸಿದರೆ ಬರುವ ಪಾಲೇ ಉತ್ತರ. ಪುಸ್ತಕದಲ್ಲಿ ಅದು 0.62.

ನಮಗೆ ಬಂದದ್ದು 0.55.

ನಮ್ಮ ಮೇಷ್ಟ್ರಿಗೆ ಇಡೀ ವಿಭಾಗದಲ್ಲಿ ‘ಅರವತ್ತೆರಡು’ ಎಂದೇ ಹೆಸರು. ರೆಕಾರ್ಡ್ ಬುಕ್ ತೆರೆದವರು ಮೊದಲ ಪುಟ ನೋಡಲಿಲ್ಲ, ನಡುವಿನದನ್ನೂ ನೋಡಲಿಲ್ಲ. ಸೀದಾ ಕೊನೆಯ ಸಾಲಿಗೆ ಹೋಗಿ “ಮತ್ತೆ ಮಾಡಿ” ಎಂದು ಕೆಂಪು ಮುದ್ರೆ ಒತ್ತಿದರು. ಮೂರು ಮುದ್ರೆ ಬಿದ್ದರೆ ಆ ಗುಂಪಿಗೆ ಪರೀಕ್ಷೆ ಇಲ್ಲ. ಉಳಿದ ಗುಂಪುಗಳಿಗೆಲ್ಲ ಮೊದಲನೇ ಸಲವೇ 0.62 ಬಂದಿದೆ! ಹೇಗೆ ಎಂದು ಕೇಳಿದೆ. ಎಲ್ಲರೂ ನಕ್ಕರು. “ಒಗ್ಗರಣೆ ಹಾಕ್ಬೇಕಮ್ಮಾ” ಎಂದರು. ಉತ್ತರ ಮೊದಲು ಬರೆದುಕೊಂಡು, ಅದಕ್ಕೆ ತಕ್ಕ ಎತ್ತರವನ್ನು ಹಿಂದಿನಿಂದ ಲೆಕ್ಕ ಹಾಕಿ ತುಂಬುತ್ತಾರೆ. ಕೆಲವರು ಪಂಪು ಕೂಡ ಹಾಕಿಲ್ಲ.

ನಮ್ಮ ಗುಂಪು ಹೇಳಿಬಿಡುತ್ತೇನೆ. ಉದ್ದಣ್ಣ, ಬಾಗಿಲಿಗೆ ತಲೆ ತಗ್ಗಿಸಿಯೇ ಬರುವವನು. ಗುಬ್ಬಿ, ಮಾತಾಡಿದರೆ ಮಾತ್ರ ಇದ್ದಾಳೆಂದು ಗೊತ್ತಾಗುವವಳು. ಹಳೇಬಾಕಿ, ಎರಡು ಸಲ ಫೇಲಾಗಿ ಮತ್ತೆ ನಮ್ಮೊಂದಿಗೆ ಕೂತವನು. ಈ ಸಲವೂ ಹೋದರೆ ಅವನನ್ನು ವಿಶ್ವವಿದ್ಯಾಲಯದಿಂದಲೇ ತೆಗೆಯುತ್ತಾರೆ. ನಾನು ನಾಲ್ಕನೆಯವಳು. ಒಗ್ಗರಣೆ ಹಾಕುವುದಿಲ್ಲ ಎಂದಿದ್ದೇನೆ. ತಪ್ಪೇ?

ನಿನ್ನ ತಂಗಿ


ಫೆಬ್ರವರಿ 1

ತಂಗಿ,

ತಪ್ಪೇ ಅಂತ ಕೇಳುತ್ತೀಯಲ್ಲ, ನಿನ್ನ ಜಡೆ ಹಿಡಿದು ಎಳೆಯಬೇಕು ಅನಿಸಿತು. ಅಮ್ಮ ಹೋದ ಮೇಲೆ ನಿನ್ನನ್ನು ಬೆಳೆಸಿದ್ದು ಇದಕ್ಕೇನೇ?

ಇಲ್ಲಿ ನಮ್ಮ ಹೊಲಿಗೆ ಕಾರ್ಖಾನೆಯಲ್ಲೂ ಅದೇ ಕಥೆ. ದಿನಕ್ಕೆ ಇಷ್ಟು ಅಂಗಿ ಎಂದು ಮೇಲಿನವರು ಮೊದಲೇ ಬರೆದಿಟ್ಟಿರುತ್ತಾರೆ. ಮಷೀನು ನಿಂತಿತೋ, ಕರೆಂಟು ಹೋಯಿತೋ, ಬಸುರಿ ಹೆಂಗಸು ತಲೆಸುತ್ತಿ ಬಿದ್ದಳೋ, ಯಾರಿಗೆ ಬೇಕು? ಸಂಜೆಗೆ ಆ ಸಂಖ್ಯೆ ಹಲಗೆಯ ಮೇಲೆ ಕಾಣಬೇಕು. ಮೇಸ್ತ್ರಿ ಬರೆದೂ ಬಿಡುತ್ತಾನೆ. ಮಾರನೆಯ ದಿನ “ನಿನ್ನೆ ಆಗಿತ್ತಲ್ಲ, ಇವತ್ತೇನು ರೋಗ?” ಎಂದು ನಮ್ಮ ಮೇಲೇ ಹಾರುತ್ತಾನೆ. ಸುಳ್ಳು ಅಂಕಿ ಬರೆಯುವವನ ಕೈ ನೋಯುವುದಿಲ್ಲ, ನಮ್ಮ ಬೆನ್ನು ನೋಯುತ್ತದೆ. ಹದಿನೈದು ದಿನದಿಂದ ಕೆಲಸ ನಿಲ್ಲಿಸಿದ್ದೇವೆ. ಮಾತುಕತೆಯ ಸಮಿತಿಯಲ್ಲಿ ನಾನೂ ಇದ್ದೇನೆ.

ನಿನ್ನ ಪಾಯಿಂಟು ಗೀಯಿಂಟು ನನಗೆ ಅರ್ಥವಾಗುವುದಿಲ್ಲ. ಒಂದು ಮಾತು ಕೇಳುತ್ತೇನೆ. ಇವತ್ತು ತೊಟ್ಟಿಯ ನೀರಿಗೆ ಸುಳ್ಳು ಬರೆದವರು ನಾಳೆ ಏನು ಕೆಲಸಕ್ಕೆ ಹೋಗುತ್ತಾರೆ? ನದಿ ಅಳೆಯುವುದಕ್ಕೆ ತಾನೇ? ನೆರೆ ಎಲ್ಲಿವರೆಗೆ ಬರುತ್ತದೆ, ಯಾರ ಮನೆ ಖಾಲಿ ಮಾಡಿಸಬೇಕು ಅಂತ ಹೇಳುವವರು ಅವರೇ ತಾನೇ? ಮೇಲಿನವರಿಗೆ ಬೇಕಾದ ಅಂಕಿ ಬರೆದು ಅಭ್ಯಾಸವಾದ ಕೈ ಆಗ ಏನು ಬರೆಯುತ್ತದೆ?

ಬಗ್ಗಬೇಡ. ಒಂದು ಇಂಚೂ ಬಗ್ಗಬೇಡ.

ಕಾಗದವನ್ನು ಕಾರ್ಖಾನೆಯ ವಿಳಾಸಕ್ಕೇ ಹಾಕು. ನಾನು ಹಗಲೆಲ್ಲ ಅಲ್ಲೇ, ಗೇಟಿನ ಬಳಿ.

ಅಕ್ಕ


ಫೆಬ್ರವರಿ 9

ಅಕ್ಕಾ,

ಎರಡನೇ ಮುದ್ರೆ ಬಿತ್ತು. ಮತ್ತೆ ಮಾಡಿದರೂ 0.55 ಬಂತು. ನೀರು ಹೆಚ್ಚಿಸಿ ನೋಡಿದೆವು, ಕಡಿಮೆ ಮಾಡಿ ನೋಡಿದೆವು, ಆಚೆ ಈಚೆ ಸ್ವಲ್ಪ ಅಲ್ಲಾಡಿತೇ ಹೊರತು 0.62ರ ಹತ್ತಿರ ಸುಳಿಯಲಿಲ್ಲ.

ನಡೆದ ಮಾತು ಹಾಗೇ ಬರೆಯುತ್ತೇನೆ.

“ಏನಮ್ಮಾ, ಇನ್ನೂರು ವರ್ಷದಿಂದ ಲೋಕಕ್ಕೆಲ್ಲ ಬರೋ ಉತ್ತರ ನಿಂಗೊಬ್ಬಳಿಗೆ ಬರಲ್ವಾ?”

“ಲೋಕದ ತೊಟ್ಟಿ ಬೇರೆ ಸಾರ್. ನಮ್ಮ ತಗಡು ತುಕ್ಕು ಹಿಡಿದಿದೆ. ಹಿಂದೆ ಕೆಸರು ಕೂತಿದೆ.”

“ತಗಡಿನ ಮೇಲೆ ಹಾಕ್ತೀಯಾ? ಬೇರೆ ಗುಂಪಿನವರು ಅದೇ ತಗಡಲ್ಲೇ ಮಾಡಿಲ್ವಾ?”

“ಅವರು ತಗಡೇ ನೋಡಿಲ್ಲ ಸಾರ್.”

ಮೇಷ್ಟ್ರ ಮುಖ ಕೆಂಪಾಯಿತು. “ನಿನ್ನ ನಾಲಿಗೆ ಅಳತೆ ತಪ್ಪಿದೆ. ಮೊದಲು ಅದನ್ನ ಸರಿ ಮಾಡ್ಕೋ” ಎಂದರು. ಹಿಂದಿನ ಬೆಂಚಿನವರು ನಕ್ಕರು. ಅವರ ರೆಕಾರ್ಡನ್ನೇ ನಾನು ಸುಳ್ಳೆಂದು ಹೇಳಿದ್ದೆನಲ್ಲ, ನಗುವುದು ಅವರ ಹಕ್ಕು.

ಹೊರಗೆ ಬಂದ ಮೇಲೆ ಹಳೇಬಾಕಿ ನನ್ನ ಎದುರು ನಿಂತ. ಸಿಟ್ಟು ಮಾಡುವವನಲ್ಲ ಅವನು. “ನೋಡು, ನಿಂದು ಮೊದಲನೇ ಸಲ. ನಂಗೆ ಇನ್ನೊಂದು ಸಲ ಅನ್ನೋದಿಲ್ಲ. ನೀನು ಸರಿ ಇರಬಹುದು. ನಾನು ಸರಿ ಇರೋದಕ್ಕೆ ಬಂದಿಲ್ಲ, ಪಾಸಾಗೋದಕ್ಕೆ ಬಂದಿದೀನಿ” ಎಂದ.

ರಾತ್ರಿ ಗುಬ್ಬಿ ಬಂದು, “ಹಾಗಾದ್ರೆ ಮೂರನೇ ಮುದ್ರೆ ಬೀಳೋ ಮುಂಚೆ ಎಲ್ಲರಿಗೂ ಗೊತ್ತಾಗ್ಲಿ” ಎಂದಳು. ಇಬ್ಬರೂ ಕೂತು ಒಂದು ಕಾಗದ ಬರೆದು ವಿಭಾಗದ ಸೂಚನಾ ಫಲಕಕ್ಕೆ ಚುಚ್ಚಿದೆವು. “ನಮಗೆ ಬಂದದ್ದು 0.55. ನಾವು ತಿದ್ದುವುದಿಲ್ಲ. ಹೇಗೆ ಅಳೆದೆವು ಎಂಬುದಕ್ಕೆ ಅಂಕ ಕೊಡಿ. ಏನು ಬಂತು ಎಂಬುದಕ್ಕೆ ಬೇಡ.”

ನಿಮ್ಮ ಮಾತುಕತೆ ಎಲ್ಲಿಗೆ ಬಂತು?

ತಂಗಿ


ಫೆಬ್ರವರಿ 18

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಮಾತುಕತೆಯ ಗಡಿಬಿಡಿ ಇರಬೇಕು.

ನಾವು ಕೂತಿದ್ದೇವೆ! ಲ್ಯಾಬಿನ ಬಾಗಿಲಿಗೆ ಅಡ್ಡ ಕೂತಿದ್ದೇವೆ. ಮೊದಲ ದಿನ ಮೂವರೇ ಇದ್ದೆವು, ಮಾರನೆಯ ದಿನ ಒಂಬತ್ತು, ಇವತ್ತು ಇಡೀ ತರಗತಿ. ಒಗ್ಗರಣೆ ಹಾಕಿದವರೇ ಮೊದಲು ಬಂದರು, ಆಶ್ಚರ್ಯ ನೋಡು. ಒಬ್ಬ ತನ್ನ ರೆಕಾರ್ಡ್ ಬುಕ್ ಎತ್ತಿ ತೋರಿಸಿ “ಇದರಲ್ಲಿ ನಿಜ ಇರೋದು ನನ್ನ ಹೆಸರು ಒಂದೇ” ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಯಾರೂ ಎದ್ದು ಹೋಗಲಿಲ್ಲ.

ಉದ್ದಣ್ಣ ಹಾಸ್ಟೆಲಿನ ಎರಡು ಬೆಡ್‌ಶೀಟು ಜೋಡಿಸಿ ಹೊಲಿಸಿ ತಂದ. ಅದರ ಮೇಲೆ ಆಳೆತ್ತರ ಬರೆದಿದ್ದಾರೆ: 0.55. ಬೇರೆ ಏನೂ ಇಲ್ಲ. ಮೇಲಿನ ಮಹಡಿಯಿಂದ ಇಳಿಬಿಟ್ಟಿದ್ದಾರೆ. ಬೇರೆ ವಿಭಾಗದವರು ನಿಂತು ಕೇಳುತ್ತಾರೆ, ನಾವು ಹೇಳುತ್ತೇವೆ. ಹಳೇಬಾಕಿ ಮೊದಲ ದಿನ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ನಿನ್ನೆ ಬಂದು ನನ್ನ ಪಕ್ಕ ಕೂತ.

ನನ್ನ ಅಂಕಿ ಅಕ್ಕಾ! ಗಾಳಿಗೆ ಉಬ್ಬಿದರೆ ಹಡಗಿನ ಪಟದ ಹಾಗೆ ಕಾಣುತ್ತದೆ.

ತಂಗಿ


ಫೆಬ್ರವರಿ 20

ತಂಗಿ,

ಒಂಬತ್ತನೇ ತಾರೀಕಿನದು ಇವತ್ತು ಕೈಗೆ ಬಂತು. ಸುತ್ತಿ ಬಳಸಿ ಬಂತು. ಇನ್ನು ಮೇಲೆ ಕೆಳಗಿನ ವಿಳಾಸಕ್ಕೆ ಹಾಕು. ಯೂನಿಯನ್ ಕಚೇರಿ ಜಾಗ ಬದಲಾಯಿಸಿದೆ, ಅಷ್ಟೇ.

ಕಾಗದ ಚುಚ್ಚಿದೆಯಾ? ಕಾಗದ! ಅದನ್ನು ಕಸ ಗುಡಿಸುವವರು ಕಿತ್ತು ಬಿಸಾಡಿರುತ್ತಾರೆ. ಬಾಗಿಲಿಗೆ ಅಡ್ಡ ಕೂರು. ಹತ್ತು ಜನ ಸಾಕು, ಹತ್ತು ಜನ ಬಾಗಿಲಿಗೆ ಅಡ್ಡ ಕೂತರೆ ನೂರು ಜನರ ಕೆಲಸ ನಿಲ್ಲುತ್ತದೆ. ಒಳಗೆ ಹೋಗುವವರನ್ನು ಬೈಯಬೇಡ, ಮುಖ ನೋಡು. ಅದು ಸಾಕು.

ಅವರು ಮಾತಿಗೆ ಕರೆಯುತ್ತಾರೆ. ಟೀ ಕೊಡುತ್ತಾರೆ. ಮಗಳೇ ಅನ್ನುತ್ತಾರೆ. “ನಿಮ್ಮ ಕಡೆಯಿಂದಲೂ ಒಂದಿಷ್ಟು ತಪ್ಪಾಗಿರಬಹುದು ಅಲ್ವಾ?” ಎಂದು ಮೆತ್ತಗೆ ಕೇಳುತ್ತಾರೆ. ಆ ಪ್ರಶ್ನೆಗೆ ಹೂಂ ಅಂದೆಯೋ, ಮುಗಿಯಿತು. ಆ ಹೂಂ ಒಂದನ್ನೇ ಹಿಡಿದು ಉಳಿದದ್ದೆಲ್ಲ ನೆಲಕ್ಕೆ ಹಾಕಿ ತುಳಿಯುತ್ತಾರೆ.

ಇಲ್ಲಿ ಎಲ್ಲ ಗಟ್ಟಿಯಾಗಿದೆ. ನಾನು ಚೆನ್ನಾಗಿದ್ದೇನೆ.

ಅಕ್ಕ


ಮಾರ್ಚ್ 5

ಅಕ್ಕಾ,

ಹದಿನೆಂಟನೇ ತಾರೀಕಿನ ನನ್ನ ಕಾಗದ ಸಿಕ್ಕಿತೇ? ಸಿಕ್ಕಿದ್ದರೆ ಬಾಗಿಲಿಗೆ ಅಡ್ಡ ಕೂರು ಎಂದು ನೀನು ಬರೆಯುತ್ತಿರಲಿಲ್ಲ. ನೀನು ಹೇಳುವ ಮೊದಲೇ ನಾವು ಕೂತಿದ್ದೆವು. ಇವತ್ತಿಗೂ ಕೂತಿದ್ದೇವೆ. ವಿಭಾಗದ ಮುಖ್ಯಸ್ಥರು ಬಗ್ಗಿದ್ದಾರೆ. ಹದಿಮೂರಕ್ಕೆ ವಿಚಾರಣೆ, ನಾವು ನಾಲ್ವರು ಸಮಿತಿಯ ಮುಂದೆ ಕೂರಬೇಕು. ಎಲ್ಲರೂ ಗೆದ್ದ ಹಾಗೆ ಕುಣಿಯುತ್ತಿದ್ದಾರೆ.

ಈಗ ಬರೆಯುವುದನ್ನು ಇನ್ನೂ ಯಾರಿಗೂ ಹೇಳಿಲ್ಲ.

ಮೊನ್ನೆ ಗುಬ್ಬಿಯ ಛತ್ರಿ ಲ್ಯಾಬಿನೊಳಗೆ ಉಳಿದಿತ್ತು. ಕಾವಲಿನವರಿಂದ ಬೀಗ ತೆಗೆಸಿ ತರಲು ಹೋದೆ. ಕೆಡದಿರಲಿ ಎಂದು ಅವರು ಬೆಳಿಗ್ಗೆ ಓಡಿಸಿದ್ದ ಪಂಪು ನಿಂತಿತ್ತು, ತೊಟ್ಟಿಯಲ್ಲಿ ನೀರಿತ್ತು. ಸುಮ್ಮನೆ ನೋಡಿದೆ. ನೀರು ತಗಡಿನ ಅಂಚಿಗಿಂತ ಕೆಳಗಿತ್ತು. ಕಿರುಬೆರಳಿನ ಅಗಲ ಕೆಳಗೆ. ಬಗ್ಗಿ ನೋಡಿದರೆ ಅಡಿಯಲ್ಲಿ ವಾಲ್ವು ತೊಟ್ಟಿಕ್ಕುತ್ತಿದೆ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನೀರಿನ ಎತ್ತರವನ್ನು ತಗಡಿನ ಅಂಚಿನಿಂದ ಅಳೆಯಬೇಕಲ್ಲ. ಅದಕ್ಕೆ ಮೊದಲು ಪಂಪು ನಿಲ್ಲಿಸಿ, ನೀರು ಸರಿಯಾಗಿ ಅಂಚಿನ ಮಟ್ಟಕ್ಕೆ ಬಂದು ನಿಂತಾಗ ಗೇಜು ಓದಿ ಬರೆದುಕೊಳ್ಳಬೇಕು. ಅದೇ ಸೊನ್ನೆ. ಉಳಿದ ಎಲ್ಲ ಎತ್ತರಗಳಿಂದಲೂ ಆ ಸೊನ್ನೆಯನ್ನು ಕಳೆಯುತ್ತೇವೆ. ಮೊದಲ ದಿನ ಪಂಪು ನಿಲ್ಲಿಸಿ, ನೀರು ನಿಲ್ಲಲಿ ಎಂದು ನಾವು ನಾಲ್ವರೂ ಟೀ ಕುಡಿಯಲು ಹೋದೆವು. ಉದ್ದಣ್ಣನ ಜೋಕು ಮುಗಿಯಲಿಲ್ಲ, ತಡವಾಯಿತು. ಬಂದು ಗೇಜು ಓದಿದವಳು ನಾನು. “ಸೊನ್ನೆ ನಾನೇ ತೆಗೀತೀನಿ” ಎಂದು ಹಟ ಮಾಡಿ ಓದಿದೆ. ಅಷ್ಟರಲ್ಲಿ ನೀರು ಸೋರಿ ಅಂಚಿಗಿಂತ ಕೆಳಗೆ ಹೋಗಿತ್ತು. ನಾನು ಅದನ್ನು ನೋಡಲೇ ಇಲ್ಲ.

ಸೊನ್ನೆ ತಗ್ಗಿದರೆ ಎತ್ತರ ಹಿಗ್ಗುತ್ತದೆ. ಎತ್ತರ ಹಿಗ್ಗಿದರೆ ಉತ್ತರ ಕುಗ್ಗುತ್ತದೆ. ಮತ್ತೆ ಮಾಡಿದಾಗಲೂ ಸೊನ್ನೆಯನ್ನು ಹೊಸದಾಗಿ ತೆಗೆಯಲಿಲ್ಲ, ಅದೇ ಹಳೆಯದನ್ನು ಇಟ್ಟುಕೊಂಡೆವು. ಎರಡು ಸಲವೂ 0.55 ಬಂದದ್ದು ನಿಜವಾಗಿದ್ದಕ್ಕಲ್ಲ. ಒಂದೇ ತಪ್ಪನ್ನು ಎರಡು ಸಲ ಕಳೆದಿದ್ದಕ್ಕೆ.

ಸೊನ್ನೆ ಸರಿಪಡಿಸಿ ಲೆಕ್ಕ ಹಾಕಿದೆ. 0.66ರ ಆಸುಪಾಸು ಬರುತ್ತದೆ. ಆದರೆ ಅದು ಅಂದಾಜು, ನೀರು ಎಷ್ಟು ಇಳಿದಿತ್ತೆಂದು ನನಗೇನು ಗೊತ್ತು? ಪಂಪು ಹಾಕಿ ಹೊಸದಾಗಿ ಅಳೆಯಬೇಕು. ಲ್ಯಾಬಿಗೆ ಈಗ ಬೀಗ. ನಮ್ಮದೇ ಧರಣಿಯಿಂದಾಗಿ ಬೀಗ!

0.66 ನಿಜವಾದರೆ ಪುಸ್ತಕದ 0.62 ಕೂಡ ಆ ತೊಟ್ಟಿಯಲ್ಲಿ ಬರುವುದಿಲ್ಲ. ಮೇಷ್ಟ್ರು ಹೇಳಿದ್ದೂ ಸುಳ್ಳು, ನಾನು ಹೇಳಿದ್ದೂ ಸುಳ್ಳು. ಆದರೆ ಮಹಡಿಯಿಂದ ಇಳಿಬಿದ್ದಿರುವುದು ನನ್ನ ಸುಳ್ಳು. ಹೊರಗೆ ಹೋದರೆ ಅದರ ಕೆಳಗೇ ನಡೆಯಬೇಕು. ತಲೆ ಎತ್ತುವುದಕ್ಕೆ ಆಗುತ್ತಿಲ್ಲ.

ಏನು ಮಾಡಲಿ ಹೇಳು. ಬೇಗ ಬರೆ.

ತಂಗಿ


ಮಾರ್ಚ್ 8

ತಂಗಿ,

ನುಂಗಿಕೋ.

ಹದಿನೆಂಟರ ಕಾಗದ ನನಗೆ ಬರಲಿಲ್ಲ. ಪರವಾಗಿಲ್ಲ. ಈಗ ಬಂದದ್ದನ್ನು ಮೂರು ಸಲ ಓದಿದೆ. ಸೊನ್ನೆ ತಗ್ಗಿತು ಎತ್ತರ ಹಿಗ್ಗಿತು ನನಗೆ ಬೇಡ. ನನಗೆ ಅರ್ಥವಾಗುವುದು ಒಂದೇ. ಇಡೀ ತರಗತಿ ನಿನ್ನ ಹಿಂದೆ ಕೂತಿದೆ. ನೀನು ಎದ್ದು “ನನ್ನದೇ ತಪ್ಪು” ಅಂದರೆ ಅವರು ಎಲ್ಲಿಗೆ ಹೋಗಬೇಕು? ಆ ಎರಡು ಸಲ ಫೇಲಾದ ಹುಡುಗ ಎಲ್ಲಿಗೆ ಹೋಗಬೇಕು? ನಿನ್ನ ಮನಸ್ಸು ಹಗುರ ಮಾಡಿಕೊಳ್ಳುವುದಕ್ಕೆ ಅವನ ಕುತ್ತಿಗೆ ಕೊಡುತ್ತೀಯಾ?

ನಿಮ್ಮ ಬೇಡಿಕೆ ಸರಿ ಇದೆ. ಬೇಡಿಕೆ ಸರಿ ಇದ್ದಾಗ ಅಂಕಿ ಒಂದು ಆಚೆ ಈಚೆ ಆದರೆ ಆಕಾಶ ಕಳಚಿ ಬೀಳುವುದಿಲ್ಲ. ಮೊದಲು ಗೆಲ್ಲು. ಗೆದ್ದ ಮೇಲೆ ಲ್ಯಾಬು ತೆರೆಯುತ್ತದೆ, ಆಗ ನಿನ್ನ ಸೊನ್ನೆಯನ್ನು ಎಷ್ಟು ಸಲ ಬೇಕಾದರೂ ತೆಗೆದುಕೋ.

ನಾನು ದಿನವೂ ಮಾತುಕತೆಯ ಮೇಜಿನ ಮುಂದೆ ಕೂತು ಬರುತ್ತೇನೆ. ಎದುರು ಕೂತವರ ಹಲ್ಲು ಎಷ್ಟು ಚೂಪು ಎಂದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ನಾವು ಗಟ್ಟಿಯಾಗಿ ನಿಂತಿದ್ದಕ್ಕೇ ಇಲ್ಲಿ ಅವರು ಒಂದೊಂದೇ ಒಪ್ಪುತ್ತಿದ್ದಾರೆ. ನನ್ನನ್ನು ನೋಡಿ ಕಲಿ.

ಬಾಯಿ ಬಿಡಬೇಡ. ಇದು ಅಕ್ಕನ ಮಾತು.


ಮಾರ್ಚ್ 12

ಅಕ್ಕ,

ಹದಿನೆಂಟರ ಕಾಗದ ಎಲ್ಲಿ ಹೋಗಿತ್ತೆಂದು ಗೊತ್ತಾಯಿತು. ಇವತ್ತು ವಾಪಸು ಬಂತು, ಒಡೆಯದೆ. ಮೇಲೆ ನಿನ್ನ ಕಾರ್ಖಾನೆಯವರ ನೀಲಿ ಮುದ್ರೆ: ‘ಕೆಲಸದಿಂದ ತೆಗೆಯಲಾಗಿದೆ. ಫೆ. 6.’

ಆರು! ಒಂಬತ್ತನೇ ತಾರೀಕು ನಾನು ಮಾತುಕತೆ ಎಲ್ಲಿಗೆ ಬಂತು ಎಂದು ಕೇಳಿದಾಗಲೇ ನೀನು ಹೊರಗಿದ್ದೆ. ಇಪ್ಪತ್ತಕ್ಕೆ ‘ಎಲ್ಲ ಗಟ್ಟಿಯಾಗಿದೆ’ ಎಂದು ಬರೆದೆ. ಮಾರ್ಚ್ ಎಂಟಕ್ಕೆ ‘ದಿನವೂ ಮೇಜಿನ ಮುಂದೆ ಕೂತು ಬರುತ್ತೇನೆ’ ಎಂದು ಬರೆದೆ. ಯಾವ ಮೇಜು ಅಕ್ಕ? ಫೆಬ್ರವರಿಯಲ್ಲಿ ನಿನ್ನ ಕಾಗದ ಬಾರದಿದ್ದಾಗ ಮಾತುಕತೆಯ ಗಡಿಬಿಡಿ ಇರಬೇಕು ಎಂದುಕೊಂಡು ನಾನು ಇಲ್ಲಿ ಹೆಮ್ಮೆಪಟ್ಟೆ.

ನೀನೂ ಒಗ್ಗರಣೆ ಹಾಕಿದೆ. ಉತ್ತರ ಮೊದಲು ಬರೆದುಕೊಂಡು ಹಿಂದಿನಿಂದ ತುಂಬಿದೆ. ನನಗೆ ಧೈರ್ಯ ಬರಲಿ ಎಂದೇ ಬರೆದಿರುತ್ತೀಯ, ಗೊತ್ತು. ಆ ಧೈರ್ಯದ ಮೇಲೆ ಕಾಲಿಟ್ಟೇ ನಾನು ಇಷ್ಟು ದೂರ ನಡೆದದ್ದು. ಈಗ ಕೆಳಗೆ ನೋಡಿದರೆ ನೆಲವೇ ಇಲ್ಲ.

ಹೇಗಿದ್ದೀಯ? ಊಟ ಮಾಡುತ್ತಿದ್ದೀಯಾ? ಬೈಯಬೇಕೆಂದು ಕೂತೆ, ಕೈ ಬೇರೇನೋ ಬರೆಯುತ್ತಿದೆ.

ನಾಳೆ ವಿಚಾರಣೆ. ಇವತ್ತು ಸಂಜೆ ಗುಂಪಿಗೆ ಎಲ್ಲ ಹೇಳಿದೆ. ಉದ್ದಣ್ಣ ನಿನ್ನ ಮಾತನ್ನೇ ಹೇಳಿದ, ನುಂಗು ಎಂದ. ಗುಬ್ಬಿ ಅತ್ತಳು. ಹಳೇಬಾಕಿ, “ನೀನು ಹೇಳಿದ್ರೆ ನಾನು ಹೋದೆ. ಹೇಳದೇ ಇದ್ರೆ ನೀನು ಹೋದೆ. ನಂಗೆ ಹೇಳೋಕೆ ಬರಲ್ಲ, ನೀನೇ ನೋಡು” ಎಂದು ಎದ್ದುಹೋದ.

ನಾನು ಹೇಳುತ್ತೇನೆ. ಸೊನ್ನೆ ನನ್ನೊಬ್ಬಳದೇ ಎಂದು ಹೇಳುತ್ತೇನೆ.

ತಂಗಿ


ಮಾರ್ಚ್ 15

ತಂಗೀ,

ವಿಚಾರಣೆ ಮುಗಿದಿರುತ್ತದೆ. ಏನಾಯಿತೋ.

ಹೌದು, ಫೆಬ್ರವರಿ ಆರಕ್ಕೆ ಹೊರಗೆ ಹಾಕಿದರು, ನನ್ನನ್ನೂ ಇನ್ನೂ ಆರು ಜನರನ್ನೂ. ಉಳಿದವರು ಎರಡು ದಿನ ನೋಡಿದರು, ಮೂರನೇ ದಿನ ಒಳಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಮಕ್ಕಳಿವೆ. ಈಗ ಒಂದು ಬಟ್ಟೆ ತೊಳೆಯುವ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತೇನೆ. ಕೊಟ್ಟ ವಿಳಾಸ ಆ ಅಂಗಡಿಯದು. ಯೂನಿಯನ್ ಕಚೇರಿಯೂ ಇಲ್ಲ, ಮೇಜೂ ಇಲ್ಲ. ನಾವು ಏಳು ಜನ ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಗೇಟಿನ ಎದುರು ನಿಲ್ಲುತ್ತೇವೆ. ಒಳಗೆ ಹೋಗುವವರು ಮೊದಲೆಲ್ಲ ತಲೆ ತಗ್ಗಿಸುತ್ತಿದ್ದರು. ಈಗೀಗ ಒಬ್ಬಿಬ್ಬರು ನಿಂತು ಮಾತಾಡುತ್ತಾರೆ. ಅಷ್ಟೇ ಇರುವುದು. ಇದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ.

ನಿನಗೆ ಸೋತ ಅಕ್ಕ ಬೇಡ ಎಂದುಕೊಂಡೆ. ನೀನೇನು ಕೇಳಿದ್ದೆಯಾ? ನಾನೇ ಅಂದುಕೊಂಡದ್ದು.

ನುಂಗು ಅಂದದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಆ ಹುಡುಗನ ಗತಿ ನನ್ನ ಕಣ್ಣ ಮುಂದಿತ್ತು. ಈಗಲೂ ಇದೆ.

ಊಟ ಮಾಡುತ್ತಿದ್ದೇನೆ.

ಅಕ್ಕ


ಮಾರ್ಚ್ 17

ಅಕ್ಕಾ,

ನಿನ್ನ ಕಾಗದ ಇವತ್ತು ಬಂತು. ಏಳು ಜನ ಎಂದು ಓದಿದಾಗ ಅತ್ತೆ. ಬೇಜಾರಿಗಲ್ಲ. ಮೊದಲ ಸಲ ನೀನು ಎಲ್ಲಿ ನಿಂತಿದ್ದೀಯೆಂದು ಕಾಣಿಸಿತು.

ವಿಚಾರಣೆಯಲ್ಲಿ ಮೂವರಿದ್ದರು. ಮುಖ್ಯಸ್ಥರು, ಮೇಷ್ಟ್ರು, ಆಡಳಿತ ಕಚೇರಿಯವರೊಬ್ಬರು. ನೀನು ಹೇಳಿದ ಹಾಗೇ ಟೀ ಕೊಟ್ಟರು. ಮಗಳೇ ಅನ್ನಲಿಲ್ಲ.

ಅವರು ಕೇಳುವ ಮೊದಲೇ ನಾನು ಹೇಳಿದೆ. “ನಮ್ಮ 0.55 ತಪ್ಪು. ವಾಲ್ವು ಸೋರೋದನ್ನ ನಾನು ಗಮನಿಸಲಿಲ್ಲ. ಸೊನ್ನೆ ತೆಗೆದವಳು ನಾನು. ಈ ಮೂವರು ನನ್ನನ್ನ ನಂಬಿದ್ರು.”

ಮೇಷ್ಟ್ರು ಕುರ್ಚಿಗೆ ಒರಗಿದರು. “ಅಂದ್ರೆ ಇಷ್ಟು ದಿನದ ಗಲಾಟೆಯೆಲ್ಲಾ ಸುಳ್ಳಿಗೆ. ಒಪ್ಕೊಂಡ್ಯಲ್ಲ?”

“ನನ್ನ ತಪ್ಪು ಒಪ್ಕೊಂಡೆ ಸಾರ್. ನಿಮ್ಮದು ಬಾಕಿ ಇದೆ. ಸೊನ್ನೆ ಸರಿ ಮಾಡಿದ್ರೆ ಈ ತೊಟ್ಟೀಲಿ 0.62 ಬರಲ್ಲ, ಜಾಸ್ತಿ ಬರುತ್ತೆ. ವರ್ಷಾನುಗಟ್ಟಲೆ 0.62 ಬಂತು ಅಂತ ಬರೆಸಿಕೊಂಡು ಸಹಿ ಹಾಕಿದೀರಿ. ಬನ್ನಿ, ಕೆಳಗೇ ಇದೆ ಲ್ಯಾಬು. ಪಂಪು ಹಾಕಿ.”

“ಇದು ವಿಚಾರಣೆ. ಪ್ರಯೋಗ ಅಲ್ಲ” ಎಂದರು ಮುಖ್ಯಸ್ಥರು.

“ಪ್ರಯೋಗ ಮಾಡದೆ ವಿಚಾರಣೆ ಹೇಗೆ ಸಾರ್?”

ಆಡಳಿತದವರು ಗಡಿಯಾರ ನೋಡಿದರು. ಯಾರೂ ಏಳಲಿಲ್ಲ. ಅಷ್ಟು ಹತ್ತಿರವಿದ್ದ ಸ್ವಿಚ್ಚು, ಅಕ್ಕಾ, ಒಂದು ಮಹಡಿ ಕೆಳಗೆ! ಯಾರೂ ಏಳಲಿಲ್ಲ.

ತೀರ್ಪು ಸಂಜೆಗೆ ಬಂತು. ತಪ್ಪು ಅಳತೆ ಸಲ್ಲಿಸಿ ವಿಭಾಗದ ಹೆಸರು ಕೆಡಿಸಿದ್ದಕ್ಕೆ ನನಗೆ ಈ ವರ್ಷದ ಪರೀಕ್ಷೆ ಇಲ್ಲ. ಉಳಿದ ಮೂವರಿಗೆ ಎಚ್ಚರಿಕೆ, ಪರೀಕ್ಷೆಗೆ ಕೂರಬಹುದು. ಒಂದೇ ಒಂದು ಅಳತೆಯನ್ನೂ ಮಾಡದೆ ಬರೆದವರ ರೆಕಾರ್ಡುಗಳಿಗೆಲ್ಲ ಅದೇ ದಿನ ಸಹಿ ಬಿತ್ತು.

ತರಗತಿ ಒಡೆದುಹೋಯಿತು. ಬ್ಯಾನರನ್ನು ಉದ್ದಣ್ಣನೇ ಇಳಿಸಿದ. ಮಡಚುತ್ತ, ನನ್ನ ಕಡೆ ನೋಡದೆ, “ಬೆನ್ನಿಗೆ ಚೂರಿ ಹಾಕೋಕೆ ನಿನ್ನ ಹತ್ರ ಕಲೀಬೇಕು” ಎಂದ. ಊಟದ ಕೋಣೆಗೆ ಹೋದರೆ ನನ್ನ ಬೆಂಚು ಖಾಲಿಯಾಗುತ್ತದೆ. ಒಬ್ಬ ಇಡೀ ಕೋಣೆಗೆ ಕೇಳಿಸುವಷ್ಟು ಜೋರಾಗಿ “ಸತ್ಯವಂತರು ಬಂದ್ರು, ಉಪ್ಪು ಸರಿಯಾಗಿ ಅಳೆದು ಬಡಿಸಪ್ಪಾ” ಎನ್ನುತ್ತಾನೆ. ಹಳೇಬಾಕಿ ಮಾತ್ರ ಒಂದೇ ಒಂದು ಸಲ ರೂಮಿನ ಕೆಳಗೆ ಬಂದು ಕೂಗಿ ಕರೆದ. ಕೊಕ್ಕೆ ಗೇಜಿನಲ್ಲಿ ಸೊನ್ನೆ ತೆಗೆಯುವಾಗ ಯಾವ ಕ್ಷಣದಲ್ಲಿ ಓದಬೇಕು, ಎಲ್ಲಿ ನಿಂತು ನೋಡಬೇಕು ಎಂದು ಕೇಳಿದ. ಹೇಳಿದೆ. “ಪರೀಕ್ಷೆಗಾ?” ಎಂದೆ. ತಲೆ ಅಲ್ಲಾಡಿಸಿ ಹೋದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ತಂಗಿ


ಏಪ್ರಿಲ್ 10

ಅಕ್ಕಾ,

ನೀನು ಬರೆದ ಎರಡೂ ಕಾಗದ ಬಂದಿವೆ. ಉತ್ತರಿಸಲು ಮನಸ್ಸು ಬರಲಿಲ್ಲ. ಇವತ್ತು ಬರೆಯದೆ ಇರಲಾಗದು.

ಇವತ್ತು ಲ್ಯಾಬ್ ಪರೀಕ್ಷೆ. ನಾನು ಹೋಗಬಾರದಿತ್ತು, ಹೋದೆ. ಕಾರಿಡಾರಿನಲ್ಲಿ ಕಿಟಕಿಯ ಪಕ್ಕ ನಿಂತೆ. ಕಾವಲಿನವರು ಒಂದು ಸಲ ನೋಡಿ ಸುಮ್ಮನಾದರು. ಬೇರೆ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದಿದ್ದರು, ವಯಸ್ಸಾದ ಹೆಂಗಸು, ಕನ್ನಡಕಕ್ಕೆ ದಾರ. ಕೋಡಿಯ ಪ್ರಯೋಗವನ್ನೇ ಕೊಟ್ಟರು. ಪ್ರತಿ ಗುಂಪೂ ತನ್ನ ಸರದಿಯಲ್ಲಿ ಅಳೆದು, ಕೊನೆಯಲ್ಲಿ ಒಬ್ಬರು ಎದ್ದು ಉತ್ತರ ಹೇಳಬೇಕು.

ಮೊದಲ ಗುಂಪು ನಮ್ಮದು. ನಮ್ಮದು ಎಂದು ಈಗಲೂ ಬರೆಯುತ್ತಿದ್ದೇನೆ ನೋಡು. ಎದ್ದವನು ಹಳೇಬಾಕಿ.

0.62 ಎಂದರೆ ಅವನು ಪಾಸು. ನಾನಾಗಿದ್ದರೆ, ಮೂರನೇ ಸಲ ಕೂತಿದ್ದರೆ, ಏನು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ. ಹೇಳಲಿ, ಬದುಕಿಕೊಳ್ಳಲಿ ಎಂದೇ ಮನಸ್ಸಿನಲ್ಲಿ ಅಂದುಕೊಂಡೆ. ನಿಜವಾಗಿ ಅಂದುಕೊಂಡೆ ಅಕ್ಕಾ.

“ಸೊನ್ನೆ ಪಾಯಿಂಟ್ ಆರು ಆರು” ಎಂದ.

“ಇನ್ನೊಂದ್ಸಲ ನೋಡು” ಎಂದರು ಮೇಷ್ಟ್ರು. ದನಿ ಮೆತ್ತಗಿತ್ತು. ಅವನಿಗೆ ದಾರಿ ಬಿಡುವ ಹಾಗಿತ್ತು.

“ನೋಡಿದೀನಿ ಸಾರ್. ಸೊನ್ನೆ ಕೂಡ ಪ್ರತಿ ಸಲ ಹೊಸದಾಗಿ ತೆಗೆದಿದೀನಿ. ಅಷ್ಟೇ ಬರ್ತಿದೆ.”

ಪರೀಕ್ಷಕರು ಬರೆದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೇ ಗುಂಪಿನವಳು ಎದ್ದಳು, ರೆಕಾರ್ಡ್ ಬುಕ್ಕಿನ ಕಡೆ ನೋಡಿದಳು, ಹಳೇಬಾಕಿಯ ಕಡೆ ನೋಡಿದಳು. “ಸೊನ್ನೆ ಪಾಯಿಂಟ್ ಆರು ಏಳು” ಎಂದಳು. ಮೂರನೆಯವರದು 0.65. ನಾಲ್ಕನೆಯವರದು ಮತ್ತೆ 0.66. ನನ್ನನ್ನು ಊಟದ ಕೋಣೆಯಲ್ಲಿ ಅಣಕಿಸಿದವನೇ ಅದನ್ನು ಹೇಳಿದ್ದು. ಅವನ ಕೈ ತೋಳಿನವರೆಗೆ ಒದ್ದೆಯಾಗಿತ್ತು.

ಎಲ್ಲ ಮುಗಿದ ಮೇಲೆ ಪರೀಕ್ಷಕರು ಕೇಳಿದರು: “0.62 ಯಾರಿಗಾದರೂ ಬಂದಿದೆಯಾ?”

ಹಿಂದಿನಿಂದ ಒಂದು ಕೈ ಮೇಲೆದ್ದಿತು. ಸುತ್ತ ನೋಡಿ ನಿಧಾನವಾಗಿ ಕೆಳಗಿಳಿಯಿತು.

ಆಕೆ ಎದ್ದು ತೊಟ್ಟಿಯ ಹತ್ತಿರ ಹೋದರು. ತೋಳು ಮಡಚಿ ತಗಡಿನ ಅಂಚಿನ ಮೇಲೆ ಬೆರಳಾಡಿಸಿದರು. ಬೆರಳಿಗೆ ತುಕ್ಕು ಹತ್ತಿತು. ಅದನ್ನು ಮೇಷ್ಟ್ರ ಕಡೆ ಹಿಡಿದು, “ಅಂಚು ಸವೆದು ದುಂಡಗಾದರೆ ನೀರು ಜಾಸ್ತಿ ಹರಿಯುತ್ತದೆ. ಇದು ಹೀಗಾಗಿ ಎಷ್ಟು ಕಾಲ ಆಯಿತು?” ಎಂದರು. ಮೇಷ್ಟ್ರು ಕೈಯಲ್ಲಿದ್ದ ರೆಕಾರ್ಡ್ ಬುಕ್ ಮುಚ್ಚಿದರು. “ಹಾಗಾದರೆ ಇಷ್ಟು ವರ್ಷ ಇಲ್ಲಿ 0.62 ಹೇಗೆ ಬಂತು?” ಎಂದರು. ಇಡೀ ತರಗತಿಗೆ ಉತ್ತರ ಗೊತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ.

ಅಂಕ ಎಷ್ಟು ಬರುತ್ತದೆಯೋ ತಿಳಿಯದು. ಹಳೇಬಾಕಿ ಪಾಸಾಗುತ್ತಾನೋ ಇಲ್ಲವೋ ಅದೂ ತಿಳಿಯದು. ಹೊರಗೆ ಬಂದವನು ನನ್ನ ಎದುರು ನಿಂತ. ಕೈ ಒದ್ದೆ, ಪ್ಯಾಂಟಿಗೆ ಒರೆಸಿಕೊಂಡ. “ನೀನು ಹೇಳಿದ ಕಡೆಯಿಂದ್ಲೇ ನಿಂತು ನೋಡ್ದೆ” ಎಂದ. ಉದ್ದಣ್ಣ ಅವನ ಹಿಂದಿದ್ದ. ಈ ಸಲ ಮುಖ ತಿರುಗಿಸಲಿಲ್ಲ.

ನನ್ನ ವರ್ಷ ಹೋಯಿತು. ಅದು ವಾಪಸು ಬರುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಬರುವ ಜನವರಿಗೆ ಮತ್ತೆ ಅದೇ ತೊಟ್ಟಿಯ ಮುಂದೆ ನಿಲ್ಲುತ್ತೇನೆ.

ಅಲ್ಲಿಯವರೆಗೆ ಇಲ್ಲಿ ಕೂತು ಏನು ಮಾಡಲಿ? ಶನಿವಾರದ ರೈಲಿಗೆ ಹೊರಡುತ್ತೇನೆ. ಆ ಇಸ್ತ್ರಿ ಅಂಗಡಿಗೆ ದಾರಿ ಗೊತ್ತಿಲ್ಲ, ಸ್ಟೇಷನ್ನಿಗೆ ಬಾ. ಬೆಳಿಗ್ಗೆ ಎಷ್ಟು ಹೊತ್ತಿಗೆ ನೀವು ಗೇಟಿನ ಎದುರು ನಿಲ್ಲುತ್ತೀರಿ ಎಂದು ನೀನು ಬರೆಯಲೇ ಇಲ್ಲ. ಎಂಟನೆಯವಳಿಗೆ ಜಾಗ ಇಡಿ.

ತಂಗಿ